ರುಚಿ ನೋಡಿದವನ ಮಾತು

ನಮ್ಮ ಮನೆಯಲ್ಲಿ ಯಾರ ಮಾತಿಗೆ ಬೇಕಾದರೂ ಎದುರಾಡಬಹುದು. ಆಡಿದ್ದೇವೆ ಕೂಡ. ನಮ್ಮ ಜಗಳ ಕೇಳಿಯೇ ಪಕ್ಕದ ಮನೆಯವರು ಬೆಳಿಗ್ಗೆ ಏಳುವುದು, ಅವರಿಗೆ ಅಲಾರಂ ಬೇಕಿಲ್ಲ. ಆದರೆ ರುಚಿ ನೋಡಿದವರ ಮಾತಿಗೆ ಮಾತ್ರ ಎದುರಾಡುವ ಹಾಗಿಲ್ಲ. ಇದು ಅಜ್ಜಿ ಹಾಕಿದ ಕಟ್ಟಳೆ. ಈ ಹಾಲು ಮೊಸರಿನ ವ್ಯಾಪಾರ ಶುರುಮಾಡಿದ್ದೇ ಅವಳು. ಅಂಗಡಿಯ ಬಾಗಿಲು ತೆಗೆಯುವ ಮೊದಲು ಮನೆಯ ಒಬ್ಬರು ಪ್ರತಿ ಪಾತ್ರೆಯಿಂದಲೂ ಒಂದು ಚಮಚ ಮೊಸರು ನಾಲಿಗೆಯ ಮೇಲೆ ಇಟ್ಟುಕೊಳ್ಳಬೇಕು. 'ಸರಿ' ಅಂದರೆ ಪಾತ್ರೆ ಅಂಗಡಿಗೆ. 'ಬೇಡ' ಅಂದರೆ ಹಂದಿ ಸಾಕುವವನ ಡ್ರಮ್ಮಿಗೆ. ಯಾಕೆ ಬೇಡ, ಏನಾಗಿದೆ ಅಂತ ಕೇಳುವ ಹಾಗಿಲ್ಲ.

ಅಜ್ಜಿಗೆ ವಯಸ್ಸಾದ ಮೇಲೆ ಆ ಚಮಚ ಅಪ್ಪನ ಕೈಗೆ ಬರಬೇಕಿತ್ತು, ಬರಲಿಲ್ಲ. ಬೀಡಿ ಸೇದುವವನ ನಾಲಿಗೆಗೆ ಏನು ತಿಳಿಯುತ್ತೆ ಅಂತ ಅಜ್ಜಿ ಅದನ್ನು ನೇರವಾಗಿ ನನ್ನ ತಮ್ಮನಿಗೆ ಕೊಟ್ಟಳು. ಆಗಿನ್ನೂ ಅವನು ಚಡ್ಡಿ ಹಾಕುವ ಹುಡುಗ. ಮೊದಲನೇ ವಾರವೇ ಒಂದು ಪಾತ್ರೆಗೆ 'ಬೇಡ' ಅಂದುಬಿಟ್ಟ. ಅಪ್ಪ ಗೊಣಗಿದರು, ಅಜ್ಜಿ ಸುರಿಸಿದಳು. ಅದೇ ಹಾಲಿನದು ಅಂತ ಒಳಗೆ ಮುಚ್ಚಿಟ್ಟಿದ್ದ ಇನ್ನೊಂದು ಪಾತ್ರೆ ಮಧ್ಯಾಹ್ನದ ಹೊತ್ತಿಗೆ ಲೋಳೆ ಲೋಳೆಯಾಗಿ ಎದ್ದಿತ್ತು. ಅವತ್ತಿನಿಂದ ಅವನ ಹೆಸರು ಸಾಹೇಬ. ಗಿರಾಕಿಗಳೂ ಹಾಗೇ ಕರೆಯುತ್ತಾರೆ: "ಇವತ್ತು ಸಾಹೇಬ್ರು ಪಾಸ್ ಮಾಡಿದಾರಾ?"

ನಾನು ಅವನ ಅಕ್ಕ. ಹಾಲಿನ ವ್ಯಾನು ಓಡಿಸುತ್ತೇನೆ, ಗಲ್ಲಾ ನೋಡಿಕೊಳ್ಳುತ್ತೇನೆ. ಮದುವೆ ಯಾಕಾಗಿಲ್ಲ ಅಂತ ಕೇಳುವ ಗಿರಾಕಿಗೆ ಕೆನೆ ಇಲ್ಲದ ಮೊಸರು ಹಾಕಿಕೊಡುತ್ತೇನೆ.

ತಮ್ಮನಿಗೆ ಕಾಯಿಲೆ ಶುರುವಾದದ್ದು ಕಾಲೇಜಿನ ಕೊನೆಯ ವರ್ಷದಲ್ಲಿ. ಬಾಗಿಲ ಪಕ್ಕದ ಕರೆಂಟ್ ಮೀಟರು ತನ್ನ ಬಗ್ಗೆ ಮಾತಾಡುತ್ತೆ ಅಂದ. ನಾವು ನಕ್ಕೆವು. ಆಮೇಲೆ ನಗು ಬರಲಿಲ್ಲ. ನಿದ್ದೆ ಬಿಟ್ಟ, ಸ್ನಾನ ಬಿಟ್ಟ, ಮೀಟರಿಗೆ ಟವಲು ಹೊದಿಸಿದ. ಒಂದು ದಿನ ಮನೆಯಿಂದ ಹೋದವನು ಹೆದ್ದಾರಿಯ ನಡುವಿನ ಕಟ್ಟೆಯ ಮೇಲೆ ಸಿಕ್ಕಿದ. ಕಾಲಲ್ಲಿ ಚಪ್ಪಲಿ ಇರಲಿಲ್ಲ, ಅಂಗಾಲು ಸಿಗಿದು ಹೋಗಿತ್ತು, ಎರಡೂ ಕಡೆ ಲಾರಿಗಳು. ಆಸ್ಪತ್ರೆಯಲ್ಲಿ ಅದಕ್ಕೆ ಸ್ಕಿಜೋಫ್ರೇನಿಯಾ ಅಂದರು. ಅಪ್ಪನಿಗೆ ಇವತ್ತಿಗೂ ಆ ಹೆಸರು ಹೇಳಲು ಬರುವುದಿಲ್ಲ, 'ಆ ಕಾಯಿಲೆ' ಅನ್ನುತ್ತಾರೆ. ವಾರ್ಡಿನಲ್ಲಿಟ್ಟು, ಮಾತ್ರೆ ಕೊಟ್ಟು, ಮನೆಗೆ ಕಳಿಸಿದರು. ಮನೆಗೆ ಬಂದ ಸ್ವಲ್ಪ ದಿನಕ್ಕೆ ಸಾಹೇಬ ಮಾತ್ರೆ ಒಲ್ಲೆ ಅಂದ. ಅಮ್ಮ ಬೇಡಿಕೊಂಡಳು, ಅಪ್ಪ ಗದರಿದರು. ಅವನು ಬಾಯಿ ಬಿಗಿದು ಕೂತ. ಇನ್ನೇನು ಗತಿ ಅಂತ ನಾವು ಎದೆ ಹಿಡಿದುಕೊಂಡು ಕಾಯುತ್ತಿದ್ದರೆ, ಆಶ್ಚರ್ಯ, ಅವನು ಕೆಡಲೇ ಇಲ್ಲ. ದಿನದಿನಕ್ಕೆ ಸುಧಾರಿಸಿದ. ಟವಲು ಮೀಟರಿನಿಂದ ಇಳಿಯಿತು. ಬೆಳಿಗ್ಗೆ ತಡವಾಗಿ ಏಳುತ್ತಿದ್ದ, ಚಮಚ ಮುಟ್ಟುತ್ತಿರಲಿಲ್ಲ, ಅದು ಮತ್ತೆ ಅಜ್ಜಿಯ ಕೈಗೆ ಹೋಗಿತ್ತು, ಆದರೆ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಪೊಟ್ಟಣ ಕಟ್ಟುತ್ತಿದ್ದ. ಅಷ್ಟಾದರೂ ಆಯಿತಲ್ಲ ಅಂದುಕೊಂಡೆವು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಮ್ಮ ಅವನ ನೀಲಿ ಬಟ್ಟಲಿನಲ್ಲಿ ಮೊಸರು ತಂದಿಟ್ಟಳು. ಒಂದು ಚಮಚ ಬಾಯಿಗಿಟ್ಟವನು ಹಾಗೇ ನಿಲ್ಲಿಸಿದ.

"ಕಹಿ ಇದೆ," ಅಂದ.

"ಮೊಸರು ಎಲ್ಲಾದ್ರೂ ಕಹಿ ಇರತ್ತೇನೋ?" ಅಂದಳು ಅಮ್ಮ.

"ಏನೋ ಹಾಕಿದೀರ ಇದ್ರಲ್ಲಿ."

ಅಪ್ಪ ತಟ್ಟೆಯಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ಮತ್ತೆ ಶುರುವಾಯಿತು ಅಂತ ಇಬ್ಬರಿಗೂ ಅನ್ನಿಸಿತು. ಊಟಕ್ಕೆ ವಿಷ ಹಾಕಿದ್ದಾರೆ ಅನ್ನುವ ಅನುಮಾನ ಈ ಕಾಯಿಲೆಯಲ್ಲಿ ಬರಬಹುದು ಅಂತ ಆಸ್ಪತ್ರೆಯವರು ಹೇಳಿಯೇ ಕಳಿಸಿದ್ದರು. ನಾನು ಅವನ ಕೈಯಿಂದ ಚಮಚ ಕಿತ್ತುಕೊಂಡು ಎರಡು ಸಲ ತಿಂದು ತೋರಿಸಿದೆ.

"ಏನೂ ಇಲ್ಲ ಕಣೋ. ಚೆನ್ನಾಗೇ ಇದೆ."

"ನಿನ್ನ ನಾಲಿಗೆಗೆ ಮೆಣಸಿನಕಾಯಿ ಬಿಟ್ರೆ ಏನೇ ತಿಳಿಯತ್ತೆ?"

ಅದೇನೋ ನಿಜ. ಆದರೂ ನಾನು, "ಇದು ಕಾಯಿಲೆ ಆಡಿಸೋ ಮಾತು ಸಾಹೇಬಾ, ನಿಂದಲ್ಲ," ಅಂದೆ. ಆಸ್ಪತ್ರೆಯಲ್ಲಿ ಕಲಿತ ಮಾತು. ಅವನು ಬಟ್ಟಲು ಪಕ್ಕಕ್ಕೆ ಸರಿಸಿ ಎದ್ದು ಹೋದ.

ಮರುದಿನದಿಂದ ಅವನು ಸಿಪ್ಪೆ ಇರುವುದನ್ನು ಮಾತ್ರ ತಿನ್ನತೊಡಗಿದ. ಬೇಯಿಸಿದ ಮೊಟ್ಟೆ, ಬಾಳೆಹಣ್ಣು, ಸಿಪ್ಪೆ ಸಮೇತ ಬೆಂದ ಆಲೂಗಡ್ಡೆ. ತಾನೇ ಸುಲಿಯಬೇಕು, ಬೇರೆಯವರು ಸುಲಿದರೆ ಅದು ಬೆಕ್ಕಿಗೆ. ನೀರು ನಲ್ಲಿಯಿಂದಲೇ, ತಾನೇ ಹಿಡಿದು. ಅಮ್ಮ ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಮೊಸರಿನ ಮನೇಲಿ ಹುಟ್ಟಿ ಮೊಟ್ಟೆ ಸುಲ್ಕೊಂಡು ಕೂತಿದಾನಲ್ಲ!" ಅಂತ ಅಪ್ಪ ರೇಗಿದರು.

"ತಿನ್ನೋದಾದ್ರೂ ತಿಂತಿದಾನೆ, ಬಾಯಿ ಮುಚ್ಕೊಂಡಿರು," ಅಂದಳು ಅಜ್ಜಿ. ಅವಳೊಬ್ಬಳೇ ಅಪ್ಪನಿಗೆ ಹಾಗೆ ಅನ್ನುವ ಧೈರ್ಯ ಇರುವವಳು. ನನಗೂ ಇದೆ, ಆದರೆ ನಾನಂದರೆ ಜಗಳ ಬೀದಿಗೆ ಹೋಗುತ್ತದೆ.

ಆ ವಾರವೇ ಆಸ್ಪತ್ರೆಗೆ ತೋರಿಸುವ ಸರದಿ ಬಂತು. ಅಜ್ಜಿಯನ್ನು ಅಂಗಡಿಯಲ್ಲಿ ಕೂರಿಸಿ ನಾಲ್ಕೂ ಜನ ಹೋದೆವು. ಡಾಕ್ಟರಮ್ಮ ಒಳ್ಳೆಯವರು, ಅವಸರದ ಮನುಷ್ಯರಲ್ಲ.

"ಮಾತ್ರೆ ಸರಿಯಾಗಿ ತಗೊಳ್ತಿದಾರಾ?" ಕೇಳಿದರು.

"ಹ್ಞೂಂ, ತಗೊಳ್ತಾನೆ," ಅಂದಳು ಅಮ್ಮ.

"ಇಲ್ಲ," ಅಂದ ತಮ್ಮ. "ಬಿಟ್ಟು ತುಂಬಾ ದಿನ ಆಯ್ತು."

ಅಪ್ಪ ಕೆಮ್ಮಿದರು. ಅಮ್ಮ ಮರ್ಯಾದೆಗೆ ಸುಳ್ಳು ಹೇಳುತ್ತಿದ್ದಾಳೆ ಅಂತ ನಾನೂ ತಿಳಿದೆ. ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, ಏನೋ ಬರೆದುಕೊಂಡು, ಬೇರೆ ಮಾತು ತೆಗೆದರು. ಆಸ್ಪತ್ರೆಯಲ್ಲಿ ಒಂದು ಅಧ್ಯಯನ ನಡೆಯುತ್ತಿದೆಯಂತೆ. ನಮ್ಮ ಕರುಳಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಇರುತ್ತವೆ. ನಮಗೆ ಅರಗದ್ದನ್ನು ಅವು ತಿಂದು ಏನೇನೋ ಸಣ್ಣ ಸಣ್ಣ ಪದಾರ್ಥ ತಯಾರಿಸುತ್ತವೆ. ಅದರಲ್ಲಿ ಕೆಲವು ರಕ್ತಕ್ಕೆ ಸೇರುತ್ತವೆ, ಕೆಲವು ಮಿದುಳಿನ ಕೆಲಸದ ಮೇಲೂ ಪರಿಣಾಮ ಮಾಡಬಹುದು. ಈ ಕಾಯಿಲೆ ಇರುವವರ ಹೊಟ್ಟೆಯಲ್ಲಿ ಆ ಜೀವಿಗಳ ಬೆರಕೆ ಸ್ವಲ್ಪ ಬೇರೆ ಥರ ಕಾಣುತ್ತಿದೆ. ಅದಕ್ಕೆ ಕಾಯಿಲೆಯವರದ್ದೂ, ಅದೇ ಮನೆಯಲ್ಲಿ ಅದೇ ಊಟ ಮಾಡುವ ಒಡಹುಟ್ಟಿದವರದ್ದೂ ಮಲ, ರಕ್ತ ತೆಗೆದು ಹೋಲಿಸಿ ನೋಡುತ್ತಾರೆ.

ಅಪ್ಪನ ಕಿವಿ ನೆಟ್ಟಗಾಯಿತು. "ಅಂದ್ರೆ ಹೊಟ್ಟೆಯೊಳಗಿನ ಹೆಪ್ಪು ಕೆಟ್ಟಿದೆ ಅಂತೀರಾ ಡಾಕ್ಟ್ರೇ?"

"ಹಾಗೆ ಹೇಳೋಕ್ಕಾಗಲ್ಲ. ನೀವು ಮೊಸರಿನವರಲ್ವಾ? ಪಾತ್ರೆ ಕೆಟ್ರೆ, ಹೆಪ್ಪಿಂದ ಹಾಲು ಕೆಡ್ತಾ, ಹಾಲಿಂದ ಹೆಪ್ಪು ಕೆಡ್ತಾ, ನೋಡಿದ ತಕ್ಷಣ ಹೇಳ್ತೀರಾ?"

"ಅದು... ಹೇಳೋಕ್ಕಾಗಲ್ಲ."

"ಇದೂ ಹಾಗೇ. ಕಾಯಿಲೆಯಿಂದ ಹೊಟ್ಟೆ ಬದಲಾಯ್ತಾ, ಹೊಟ್ಟೆಯಿಂದ ಕಾಯಿಲೆ ಬಂತಾ, ಇಲ್ಲಾ ಮಾತ್ರೆ, ಊಟ, ನಿದ್ದೆ ಇವುಗಳಿಂದ ಆಯ್ತಾ, ಇನ್ನೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಹುಡುಕ್ತಿರೋದು. ಇದು ಚಿಕಿತ್ಸೆ ಅಲ್ಲ, ಮಾತ್ರೆಗೆ ಬದಲಿ ಅಂತೂ ಅಲ್ಲವೇ ಅಲ್ಲ."

ಅಪ್ಪನಿಗೆ 'ಹೆಪ್ಪು' ಕೇಳಿಸಿತು, 'ಅಲ್ಲ' ಕೇಳಿಸಲಿಲ್ಲ.

ತಮ್ಮ ಮುಂದಕ್ಕೆ ಬಾಗಿ ಕೇಳಿದ, "ರಕ್ತ ನೋಡಿದ್ರೆ, ನನ್ನ ಊಟಕ್ಕೆ ಯಾರಾದ್ರೂ ಏನಾದ್ರೂ ಹಾಕಿದ್ರೆ ಗೊತ್ತಾಗತ್ತಾ?"

"ಎಲ್ಲಾ ಗೊತ್ತಾಗಲ್ಲ. ಔಷಧಿ ಏನಾದ್ರೂ ಇದ್ರೆ ಗೊತ್ತಾಗತ್ತೆ."

"ಹಾಗಾದ್ರೆ ನಾನು ಬರ್ತೀನಿ."

ಅಮ್ಮನ ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು. ಹಣ್ಣುಗಳು ಕುರ್ಚಿಯ ಕೆಳಗೆ ಉರುಳಿದವು, ನಾನು ಆಯ್ದು ಕೊಟ್ಟೆ. ಬಿಸಿಲಿಗೆ ಕೈ ಸೋತಿರಬೇಕು ಅಂದುಕೊಂಡೆ. ಮುಂದಿನ ಸರದಿಗೆ ಬರುವಾಗ ಇಬ್ಬರೂ ಮಲದ ಡಬ್ಬಿ ತರಬೇಕು, ಅವತ್ತೇ ರಕ್ತವನ್ನೂ ತೆಗೆಯುತ್ತೇವೆ ಅಂದರು.

ಆ ಡಬ್ಬಿಗಳ ವಿಷಯಕ್ಕೆ ಮನೆಯಲ್ಲಿ ನಡೆದ ಯುದ್ಧ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ತೆಗೆದದ್ದನ್ನು ಆಸ್ಪತ್ರೆಗೆ ಒಯ್ಯುವವರೆಗೆ ತಣ್ಣಗಿಡಬೇಕು. ಮನೆಯಲ್ಲಿ ಇರುವುದು ಒಂದೇ ಫ್ರಿಜ್ಜು, ಅಂಗಡಿಯದು.

"ಬೆಣ್ಣೆ ಪಕ್ಕ ಅದನ್ನಿಡ್ತೀಯಾ? ಗಿರಾಕಿ ನೋಡಿದ್ರೆ ಅಂಗಡಿಗೆ ಬೀಗ ಹಾಕ್ಬೇಕಾಗತ್ತೆ!" ಅಪ್ಪ ಕೂಗಿದರು.

"ಡಬ್ಬಿ ಮೇಲೆ ಮುಚ್ಚಳ ಇರತ್ತಪ್ಪ."

"ಮುಚ್ಚಳ ಇದ್ರೆ ಅದು ತುಪ್ಪ ಆಗೋಗತ್ತೇನೇ?"

ಕೊನೆಗೆ ಅಜ್ಜಿಯೇ ತೀರ್ಪು ಕೊಟ್ಟಳು. "ಹಳೇ ಐಸ್ ಪೆಟ್ಟಿಗೆ ಅಟ್ಟದ ಮೇಲಿದೆ, ಅದ್ರಲ್ಲಿಟ್ಕೊಂಡು ಹೋಗಿ. ಬರೋವಾಗ ಪೆಟ್ಟಿಗೇನ ಆ ಡಾಕ್ಟರಮ್ಮಂಗೇ ಕೊಟ್ಬಿಟ್ಟು ಬನ್ನಿ, ಮನೆಗೆ ವಾಪಸ್ ತರ್ಬೇಡಿ."

ತಮ್ಮ ನಕ್ಕ. ಬಹಳ ದಿನಕ್ಕೆ ನಕ್ಕ. ಆ ನಗು ನೋಡಿ ಅಪ್ಪನಿಗೆ ಹುರುಪು ಬಂತು. ಮೂರೂ ಹೊತ್ತು ಅದೇ ಹಾಡು ಶುರುಮಾಡಿದರು.

"ಯೋಚ್ನೆ ಮಾಡೇ," ಅಂದರು ನನಗೆ, ಪಾತ್ರೆ ತೊಳೆಯುತ್ತಾ. "ಅವನು ಮಾತ್ರೆ ಬಿಟ್ಟು ಎಷ್ಟು ಕಾಲ ಆಯ್ತು? ಕೆಟ್ನಾ? ಇಲ್ಲ. ಯಾಕೆ? ದಿನಾ ಎರಡು ಬಟ್ಲು ನಮ್ಮ ಮೊಸರು ತಿಂತಿದ್ದ. ಈಗ ಮೊಸರು ಬಿಟ್ಟ, ನೋಡು, ಮುಖ ಹೇಗಾಗ್ತಿದೆ. ಇಷ್ಟು ದೊಡ್ಡ ಆಸ್ಪತ್ರೆಯವ್ರು ಹುಡುಕ್ತಿರೋದು ನಮ್ಮ ಪಾತ್ರೇಲೇ ಇದೆ!"

ಮಾತು ಕೇಳಲು ಸರಿಯಾಗಿಯೇ ಇತ್ತು. ಅದೇ ನನಗೆ ಸಿಟ್ಟು. ಮಾತ್ರೆ ಬಿಟ್ಟಿದ್ದೂ ನಿಜ, ಸುಧಾರಿಸಿದ್ದೂ ನಿಜ, ಮೊಸರು ನಿಲ್ಲಿಸಿದ ಮೇಲೆ ಕಳೆ ಇಳಿಯುತ್ತಿರುವುದೂ ನಿಜ. ಅಪ್ಪ ಅವನಿಗಾಗಿಯೇ ಬೇರೆ ಪಾತ್ರೆ ಇಟ್ಟರು, ಬೇರೆ ಹೆಪ್ಪು ಹಾಕಿದರು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಬಟ್ಟಲು ಹಿಡಿದುಕೊಂಡು ಅವನ ಹಿಂದೆ ಹಿಂದೆ ತಿರುಗುತ್ತಿದ್ದರು. "ಒಂದೇ ಒಂದು ಚಮಚ, ನನ್ನಪ್ಪ." ಅವನು ಮೊಟ್ಟೆ ಸುಲಿಯುತ್ತಾ ಗೋಡೆ ನೋಡುತ್ತಿದ್ದ. ಅಂಗಡಿಗೆ ಬಂದ ದರ್ಜಿಯ ಹತ್ತಿರವೂ ಅಪ್ಪ ತಮ್ಮ ಸಂಶೋಧನೆ ಹೇಳಿಕೊಂಡರು. ದರ್ಜಿ ತನ್ನ ಮಂಡಿ ನೋವಿಗೂ ಆಗುತ್ತಾ ಅಂತ ಕೇಳಿ ಅರ್ಧ ಲೀಟರು ಹೆಚ್ಚು ಒಯ್ದ.

ಒಂದು ಬೆಳಿಗ್ಗೆ ವ್ಯಾನಿನ ಟೈರು ಪಂಕ್ಚರ್ ಆಗಿ ಅರ್ಧ ದಾರಿಯಿಂದ ವಾಪಸ್ ಬಂದೆ. ಅಡುಗೆಮನೆಯಲ್ಲಿ ಟಕ್ ಟಕ್ ಅಂತ ಸದ್ದು. ಹೋಗಿ ನೋಡಿದರೆ ಅಮ್ಮ ಕುಟ್ಟಾಣಿಯಲ್ಲಿ ಏನನ್ನೋ ಕುಟ್ಟುತ್ತಿದ್ದಳು. ಬಿಳಿ ಪುಡಿ. ಪಕ್ಕದಲ್ಲಿ ಹಾಲಿನ ಲೋಟ, ಸಕ್ಕರೆ ಡಬ್ಬ, ಸೆರಗಿನ ತುದಿಯಿಂದ ಇಣುಕುತ್ತಿದ್ದ ಮಾತ್ರೆಯ ಹಾಳೆ. ನನ್ನನ್ನು ನೋಡಿ ಅಂಗೈಯಿಂದ ಕುಟ್ಟಾಣಿ ಮುಚ್ಚಿದಳು.

"ಅಮ್ಮಾ, ಏನಿದು?"

"ಏನಿಲ್ಲ. ಹೋಗು, ವ್ಯಾನು ಹತ್ರ ಹೋಗು."

"ಮೊಸ್ರಲ್ಲೂ ಇದನ್ನೇ ಹಾಕ್ತಿದ್ಯಾ?"

ಅಮ್ಮ ಮಾತ್ರೆಯ ಹಾಳೆಯನ್ನು ಸೆರಗಿನೊಳಗೆ ತುರುಕಿಕೊಂಡಳು.

"ಹಾಗಾದ್ರೆ ಅವನು ಹೇಳಿದ್ದು ನಿಜ. ಕಹಿ ಇತ್ತು. ನಾವೆಲ್ಲಾ ಸೇರ್ಕೊಂಡು, ನಾನೂ ಸೇರ್ಕೊಂಡು, ನಿಂಗೆ ಕಾಯಿಲೆ ಮಾತಾಡಿಸ್ತಿದೆ ಅಂದ್ವಿ!"

"ಮೆತ್ತಗೆ ಮಾತಾಡೇ!" ಅಮ್ಮ ನನ್ನ ಬಾಯಿಗೆ ಕೈ ತಂದಳು. "ಅವನು ರಸ್ತೆ ಮಧ್ಯ ನಿಂತಿದ್ದು ಮರ್ತೋಯ್ತಾ ನಿಂಗೆ? ಆ ಕಾಲು ತೊಳ್ದವಳು ನಾನು. ಕಲ್ಲು ಆರಿಸಿ ತೆಗ್ದವಳು ನಾನು. ಮಾತ್ರೆ ಬಿಟ್ರೆ ಮತ್ತೆ ಅಲ್ಲಿಗೇ ಹೋಗ್ತಾನೆ. ಬೇಡ ಅಂತಾನೆ, ಏನ್ ಮಾಡ್ಲಿ? ಕೈ ಕಟ್ಕೊಂಡು ನೋಡ್ಲಾ? ಇದ್ರಿಂದ್ಲೇ ಅವನು ಎದ್ದು ಓಡಾಡಿದ್ದು. ನಿಮ್ಮಪ್ಪನ ಮೊಸರಿಂದ ಅಲ್ಲ."

"ಮನೇಲಿ ಇಷ್ಟೊಂದು ಪದಾರ್ಥ ಇದೆ. ಹೋಗಿ ಹೋಗಿ ಮೊಸ್ರಲ್ಲಿ ಬೆರ್ಸಿದ್ಯಲ್ಲ! ಅವನ ನಾಲಿಗೆ ಎಂಥದ್ದು ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತಿತ್ತು," ಅಂದಳು ಅಮ್ಮ. "ಅದಕ್ಕೇ ಸಕ್ಕರೆ ಹಾಕ್ತಿದ್ದೆ, ಅವತ್ತೊಂದಿನ ಮರ್ತೆ. ಆದ್ರೆ ಮೊಸರು ಕೊಟ್ರೆ ಅವನು ಯಾವತ್ತೂ ಬೇಡ ಅಂದವನಲ್ಲ ಕಣೇ."

ಆಸ್ಪತ್ರೆಯಲ್ಲಿ ಚೀಲ ಯಾಕೆ ಬಿತ್ತು ಅಂತ ಆಗ ತಿಳಿಯಿತು. ರಕ್ತ ತೆಗೆದರೆ ಔಷಧಿ ಸಿಗುತ್ತದೆ, ಮೊನ್ನೆಯವರೆಗೆ ತಿಂದದ್ದರ ಗುರುತಾದರೂ ಸಿಗುತ್ತದೆ ಅನ್ನುವ ಭಯ ಅವಳಿಗೆ. ಆಸ್ಪತ್ರೆಯ ಕಾಗದ ನೋಡಿ ಅವನಿಗೆ ಗೊತ್ತಾದರೆ ಈ ಮನೆಯಲ್ಲಿ ಅವನು ಮತ್ತೆ ಒಂದು ತುತ್ತು ತಿನ್ನುತ್ತಾನಾ?

"ನೀನೇ ಹೇಳ್ಬೇಕು," ಅಂದೆ.

"ಆಗಲ್ಲ."

"ಹಾಗಾದ್ರೆ ನಾನು ಹೇಳ್ತೀನಿ."

"ಹೇಳಿದ್ರೆ ನನ್ನ ಹೆಣ ನೋಡ್ತೀಯ."

ಅಮ್ಮಂದಿರ ಹತ್ತಿರ ಈ ಒಂದು ಅಸ್ತ್ರ ಇದ್ದೇ ಇರುತ್ತದೆ. ಅವತ್ತು ಸುಮ್ಮನಾದೆ. ಹಾಲಿನ ಲೋಟ ಒಯ್ದು ಕೊಟ್ಟಳು, ಅವನು ಮೂಸಿ ನೋಡಿ ಕಿಟಕಿಯಿಂದ ಚೆಲ್ಲಿದ.

ಅಲ್ಲಿಗೆ ಮಾತ್ರೆಯೂ ಅವನ ಹೊಟ್ಟೆಗಿಲ್ಲ, ನಿಜದ ಮಾತೂ ನಮ್ಮ ಬಾಯಿಗಿಲ್ಲ. ಒಂದೊಂದೇ ಹಳೆಯದು ವಾಪಸ್ ಬಂತು. ಪೊಟ್ಟಣ ಕಟ್ಟುವಾಗ ಅರ್ಧಕ್ಕೆ ನಿಲ್ಲಿಸಿ ಬಾಗಿಲ ಕಡೆ ಕಿವಿ ಕೊಡುತ್ತಿದ್ದ. ಒಂದು ಸಲ ಗಿರಾಕಿಯೊಬ್ಬಳಿಗೆ, "ಜೋರಾಗಿ ಹೇಳ್ಬೇಡಿ, ಅದು ಕೇಳಿಸ್ಕೊಳ್ಳತ್ತೆ," ಅಂದ. ಅವಳು ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೋದಳು. ಒಂದು ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಮೀಟರಿನ ಮೇಲೆ ಟವಲು.

ಸಾಕು ಅನ್ನಿಸಿತು. ಸುಳ್ಳಿನಿಂದ ಮಾತ್ರೆ ಒಳಗೆ ಹೋಗುತ್ತಿದ್ದಷ್ಟು ದಿನ ಅಮ್ಮನ ಕಡೆಗೂ ಒಂದು ನ್ಯಾಯ ಇತ್ತು. ಈಗ ಸುಳ್ಳು ಮಾತ್ರ ಉಳಿದಿದೆ, ಮಾತ್ರೆ ಇಲ್ಲ. ಇವತ್ತು ಇದನ್ನು ಮುಗಿಸದೆ ನಾನು ವ್ಯಾನಿನ ಕೀ ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡಿದೆ.

ಮಧ್ಯಾಹ್ನ ಊಟಕ್ಕೆ ಐದೂ ಜನ ಕೂತೆವು. ಅಮ್ಮ ಹಟ ಬಿಟ್ಟಿರಲಿಲ್ಲ. ನೀಲಿ ಬಟ್ಟಲಿನಲ್ಲಿ ಮೊಸರು ತಂದು ಅವನ ಮುಂದೆ ಇಟ್ಟಳು, ಮೇಲೆ ಸಕ್ಕರೆ ಬೇರೆ. ಅವನು ಮುಟ್ಟಲಿಲ್ಲ. ನಾನು ಆ ಬಟ್ಟಲು ಎತ್ತಿ ಅಜ್ಜಿಯ ಮುಂದೆ ಇಟ್ಟೆ. ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಅಜ್ಜಿ, ರುಚಿ ನೋಡು."

ಅಜ್ಜಿ ನನ್ನನ್ನು ನೋಡಿದಳು. ಸೊಸೆಯನ್ನು ನೋಡಿದಳು. ಸಕ್ಕರೆ ಪಕ್ಕಕ್ಕೆ ಸರಿಸಿ, ತಳದಿಂದ ಒಂದು ಚಮಚ ತೆಗೆದು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚಿದಳು. ಹಲ್ಲು ಹೋದರೂ ನಾಲಿಗೆ ಹೋಗಿರಲಿಲ್ಲ.

"ಬೇಡ," ಅಂದಳು.

"ಏನಮ್ಮಾ ಅದು?" ಅಪ್ಪ ಕೇಳಿದರು.

"ಬೇಡ ಅಂದೆ, ಕೇಳಿಸ್ಲಿಲ್ವಾ? ಹುಡುಗ ಸರಿಯಾಗೇ ಹೇಳಿದಾನೆ. ಕಹಿ." ಅಮ್ಮನ ಕಡೆ ತಿರುಗಿದಳು. "ಇನ್ನು ನೀನೇ ಹೇಳಮ್ಮ. ನನ್ನ ಬಾಯಿಂದ ಬೇಡ."

ಅಮ್ಮ ನೆಲದ ಮೇಲೆ ಕೂತಳು. ಸೌಟು ಇನ್ನೂ ಕೈಯಲ್ಲೇ ಇತ್ತು. "ಮಾತ್ರೆ ಕಣಪ್ಪ," ಅಂದಳು. "ನಿನ್ನ ಮಾತ್ರೇನೇ. ಬೇರೆ ಏನೂ ಅಲ್ಲ. ನೀನು ಒಲ್ಲೆ ಅಂದಾಗಿಂದ ಪುಡಿ ಮಾಡಿ ಬೆರೆಸ್ತಿದ್ದೆ. ಯಾರಿಗೂ ಗೊತ್ತಿಲ್ಲ. ನಾನೊಬ್ಳೇ ಮಾಡಿದ್ದು."

ಅಪ್ಪ ಬಾಯಿ ತೆರೆದುಕೊಂಡು ಕೂತಿದ್ದರು. "ಅಂದ್ರೆ... ಅಷ್ಟು ದಿನ ಚೆನ್ನಾಗಿದ್ದಿದ್ದು... ಮೊಸರಿಂದ ಅಲ್ವಾ?"

ನನಗೆ ಅಪ್ಪನ ಮೇಲೆ ಮೊದಲ ಬಾರಿಗೆ ಕನಿಕರ ಹುಟ್ಟಿತು.

ತಮ್ಮ ಕೂಗುತ್ತಾನೆ, ತಟ್ಟೆ ಎಸೆಯುತ್ತಾನೆ ಅಂತ ಕಾಯುತ್ತಿದ್ದೆ. ಅವನು ಮೆಲ್ಲಗೆ ಅಂದ, "ಹಾಗಾದ್ರೆ ನಾನು ಸರಿಯಾಗೇ ಹೇಳಿದ್ದೆ."

"ಸರಿಯಾಗೇ ಹೇಳಿದ್ದೆ," ಅಂದೆ.

"ನೀವೆಲ್ಲಾ ಇಲ್ಲ ಅಂದ್ರಿ."

"ಅಂದ್ವಿ. ತಪ್ಪಾಯ್ತು."

"ಹಾಗಾದ್ರೆ ಮೀಟರೂ ನಿಜಾನಾ?"

ಇದು ನನಗೆ ಹೊಳೆದೇ ಇರಲಿಲ್ಲ. ಅಜ್ಜಿ ನನ್ನ ಮುಖ ನೋಡಿದಳು. ಒಂದು ಸುಳ್ಳು ಹೊರಬಿದ್ದ ಮನೆಯಲ್ಲಿ ಯಾವ ಮಾತು ನಂಬಬೇಕು ಅವನು? ನಾನು ತಟ್ಟೆ ಸರಿಸಿ ಅವನ ಎದುರಿಗೆ ಹೋಗಿ ಕೂತೆ.

"ಮೊಸರು ಕಹಿ ಇದ್ದಿದ್ದು ನಿಜ. ಮೀಟರು ಮಾತಾಡೋದು ನಿಜ ಅಲ್ಲ. ಎರಡನ್ನೂ ನಾನೇ ಹೇಳ್ತಿದೀನಿ, ನಿನ್ನ ಮುಖ ನೋಡ್ಕೊಂಡು ಹೇಳ್ತಿದೀನಿ. ಇನ್ಮೇಲೆ ಈ ಮನೇಲಿ ನೀನು ಕೇಳಿದ್ದಕ್ಕೆ, ನಿಂಗೆ ಇಷ್ಟ ಆಗ್ಲಿ ಬಿಡ್ಲಿ, ಇದ್ದಿದ್ದೇ ಹೇಳ್ತೀವಿ."

"ಹೇಗೆ ನಂಬ್ಲಿ?"

"ಇವತ್ತೇ ನಂಬ್ಬೇಡ. ನೋಡ್ತಾ ಹೋಗು."

ಅವನು ಎದ್ದು, ದಿಂಬು ಹಿಡಿದುಕೊಂಡು, ಅಂಗಡಿಯ ಹಿಂದಿನ ಗೋದಾಮಿಗೆ ಹೋಗಿ ಬಾಗಿಲು ಹಾಕಿಕೊಂಡ. ಅಮ್ಮ ನನಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. "ಅವನಿಗೇನಾದ್ರೂ ಆದ್ರೆ ನಿನ್ನ ಸುಮ್ನೆ ಬಿಡಲ್ಲ," ಅಂದಳು ಕೊನೆಗೆ. ನನಗೂ ಅದೇ ಭಯ. ಮೇಲೆ ಮಾತ್ರ, "ಬಿಡ್ಬೇಡ," ಅಂದೆ.

ಆ ವಾರ ಪೂರ್ತಿ ಅವನು ಗೋದಾಮಿನಲ್ಲೇ ಇದ್ದ. ಅಮ್ಮ ಎರಡೂ ಹೊತ್ತು ಮೊಟ್ಟೆ, ಹಣ್ಣು ಒಯ್ದು ಬಾಗಿಲ ಮುಂದೆ ಇಡುತ್ತಿದ್ದಳು. ಹಾಲಿಲ್ಲ, ಮೊಸರಿಲ್ಲ. ಇಟ್ಟು, "ಸಿಪ್ಪೆ ಬಿಚ್ಚಿಲ್ಲ ಕಣಪ್ಪ, ನೋಡ್ಕೋ," ಅಂತ ಹೇಳಿ, ಅಲ್ಲೇ ಖಾಲಿ ಕ್ರೇಟಿನ ಮೇಲೆ ಕೂರುತ್ತಿದ್ದಳು. ನಾನು ಸರದಿಯ ದಿನಕ್ಕೆ ಕಾಯದೆ ಡಾಕ್ಟರಮ್ಮನಿಗೆ ಫೋನು ಮಾಡಿ ಎಲ್ಲ ಹೇಳಿದೆ. "ನಾಳೇನೇ ಕರ್ಕೊಂಡು ಬನ್ನಿ. ಎಳ್ಕೊಂಡು ಅಲ್ಲ, ಕರ್ಕೊಂಡು," ಅಂದರು. ಹೇಗಪ್ಪಾ ಕರೆಯುವುದು ಅಂತ ಗೋದಾಮಿನ ಬಾಗಿಲು ತಟ್ಟಿದೆ.

"ನಾಳೆ ರಕ್ತ ಕೊಡೋಕೆ ಹೋಗ್ಬೇಕು. ಬರ್ತೀಯಾ? ನನ್ನ ಡಬ್ಬಿ ರೆಡಿ ಮಾಡ್ಕೋತೀನಿ, ನಿಂದು ನೀನು ನೋಡ್ಕೋ."

ಒಳಗೆ ಕ್ರೇಟು ಸರಿಸಿದ ಸದ್ದಾಯಿತು. ಆಮೇಲೆ, "ಐಸ್ ಯಾರು ಹಾಕ್ತಾರೆ?" ಅಂದ.

ನಾನು ಬಾಗಿಲಿಗೆ ಹಣೆ ಒರಗಿಸಿಕೊಂಡು ನಿಂತೆ. "ನಾನೇ ಹಾಕ್ತೀನಿ ಮಾರಾಯ," ಅಂದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅಮ್ಮನಿಗೆ ಗದರಲಿಲ್ಲ. "ಭಯಕ್ಕೆ ಮಾಡಿದೀರ, ನಂಗೆ ಅರ್ಥ ಆಗತ್ತೆ. ಇನ್ನು ಬೇಡ. ಮತ್ತೆ ಅನುಮಾನ ಬಂದ್ರೆ ಯಾರ ಮಾತೂ ನಾಟಲ್ಲ," ಅಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಮಾತ್ರೆ ಯಾಕೆ ಬೇಡ ಅನ್ನಿಸ್ತು?" ಅಂತ ಕೇಳಿದರು.

"ಬೆಳಿಗ್ಗೆ ಏಳೋಕ್ಕಾಗಲ್ಲ. ಎದ್ರೂ ನಾಲಿಗೆ ಮರದ ತುಂಡಿನ ಹಾಗಿರತ್ತೆ. ರುಚಿ ತಿಳಿಯಲ್ಲ."

"ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ. ತಗೋ ತಗೋ ಅಂದ್ರು ಅಷ್ಟೆ."

ಅಪ್ಪ, ಅಮ್ಮ, ನಾನು, ಮೂವರೂ ನೆಲ ನೋಡಿದೆವು. ಹಾಲು ಮೊಸರಿನ ಮನೆ ನಮ್ಮದು, ನಾಲಿಗೆ ಅನ್ನುವುದು ನಮಗೆ ಅನ್ನ. ಆ ಹುಡುಗನಿಗೆ ಕಳೆದುಹೋದದ್ದು ಏನು ಅಂತ ಕೇಳಲು ನಮಗೆ ತೋಚಲಿಲ್ಲ. ಡಾಕ್ಟರಮ್ಮ ಬೇರೆ ಮಾತ್ರೆ ಬರೆದರು. ಬೆಳಿಗ್ಗೆ ತೆಗೆದುಕೊಳ್ಳುವಂಥದ್ದು. ತಮ್ಮ ಚೌಕಾಸಿಗೆ ಇಳಿದ. ರುಚಿ ನೋಡಿದ ಮೇಲೆಯೇ ಮಾತ್ರೆ, ಮಾತ್ರೆಯ ಹಾಳೆ ತನ್ನ ಹತ್ತಿರವೇ ಇರಬೇಕು, ತೊಂದರೆಯಾದರೆ ಬಿಡುವ ಮೊದಲು ಫೋನು ಮಾಡುತ್ತೇನೆ ಅಂದ. ಡಾಕ್ಟರಮ್ಮ ಎಲ್ಲಕ್ಕೂ ಒಪ್ಪಿದರು.

ಹೊರಡುವಾಗ ಅಪ್ಪ ಮೆಲ್ಲಗೆ ಕೇಳಿದರು, "ಹಾಗಾದ್ರೆ ಮೊಸರು ತಿನ್ಬಾರ್ದಾ ಡಾಕ್ಟ್ರೇ?"

"ಧಾರಾಳವಾಗಿ ತಿನ್ಲಿ. ಊಟ ಅಂತ ತಿನ್ಲಿ. ಔಷಧಿ ಅಂತ ಬೇಡ."

"ಈ ಡಬ್ಬಿಗಳಿಂದ ಏನು ತಿಳಿಯತ್ತೆ?"

"ಗೊತ್ತಿಲ್ಲ. ವರ್ಷಗಳೇ ಹಿಡೀಬಹುದು."

ಅಪ್ಪ ವ್ಯಾನಿನಲ್ಲಿ ಬರುತ್ತಾ, "ಅಷ್ಟು ಓದಿದವ್ರು ಗೊತ್ತಿಲ್ಲ ಅಂತ ಒಪ್ಕೋತಾರೆ. ನಾನೊಬ್ಬ, ದರ್ಜಿ ಮಂಡಿಗೂ ಮದ್ದು ಹೇಳ್ಬಿಟ್ಟೆ," ಅಂದರು. ಹಿಂದಿನ ಸೀಟಿನಲ್ಲಿ ತಮ್ಮ ಫಕ್ಕನೆ ನಕ್ಕ.

ಎಲ್ಲ ಒಂದೇ ದಿನಕ್ಕೆ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. ಹೊಸ ಮಾತ್ರೆ ಹಿಡಿಯಲು ವಾರಗಳು ಬೇಕಾದವು. ನಡುವೆ ಒಂದು ದಿನ ಕೈ ನಡುಕ ಬಂದು, ಅವನೇ ಫೋನು ಮಾಡಿ ಕೇಳಿಕೊಂಡ. ಟವಲು ಮೀಟರಿನ ಮೇಲೆ ಬಹಳ ದಿನ ಇತ್ತು. ಯಾರೂ ತೆಗೆಯಲಿಲ್ಲ, ಕೊಳೆಯಾದಾಗ ನಾನು ಒಗೆದು ಅಲ್ಲೇ ಹಾಕಿದೆ. ಒಂದು ದಿನ ಅದರಲ್ಲಿ ಅವನೇ ಮುಖ ಒರೆಸಿಕೊಳ್ಳುತ್ತಿದ್ದ. ಗೋದಾಮಿನಿಂದ ದಿಂಬು ಒಳಗೆ ಬಂತು. ಅನ್ನಕ್ಕೂ ಕೈ ಹಾಕಿದ, ಬೇಯುವಾಗ ಪಕ್ಕದಲ್ಲೇ ನಿಂತು ನೋಡಿ. ಅಮ್ಮ ಪಾತ್ರೆಯ ಮುಚ್ಚಳ ತೆರೆದೇ ಬೇಯಿಸುವುದು ರೂಢಿ ಮಾಡಿಕೊಂಡಳು. ಗ್ಯಾಸು ದಂಡ ಅಂತ ಅಪ್ಪ ಬಾಯಿ ಬಿಡಲಿಲ್ಲ. ಮೊಸರು ಮಾತ್ರ ಮುಟ್ಟಲಿಲ್ಲ. ನೀಲಿ ಬಟ್ಟಲು ಕಪಾಟಿನಲ್ಲೇ ಮಗುಚಿಕೊಂಡಿತ್ತು.

ಆಮೇಲೊಂದು ಬೆಳಿಗ್ಗೆ. ಹಾಸ್ಟೆಲ್ಲಿನವರು ದೊಡ್ಡ ಪಾತ್ರೆ ಮೂರಕ್ಕೆ ಹೇಳಿದ್ದರು. ಅವರ ಅಡುಗೆಯವನು ಗಾಡಿ ತಂದು ಬಾಗಿಲಲ್ಲಿ ನಿಂತಿದ್ದ. ಅಜ್ಜಿ ಇನ್ನೇನು ಚಮಚ ತೆಗೆದುಕೊಳ್ಳಬೇಕು, ತಮ್ಮ ಮುಖ ತೊಳೆದುಕೊಂಡು ಬಂದು ಅವಳ ಮುಂದೆ ಕೈ ಚಾಚಿದ. ಅಜ್ಜಿ ಕೊಟ್ಟಳು.

ಮೊದಲನೇ ಪಾತ್ರೆ. ಕಣ್ಣು ಮುಚ್ಚಿದ. "ಸರಿ."

ಎರಡನೆಯದು. "ಸರಿ."

ಮೂರನೆಯದು. ಬಹಳ ಹೊತ್ತು ನಿಂತ. ಅಡುಗೆಯವನು ಗಡಿಯಾರ ನೋಡಿಕೊಂಡ.

"ಬೇಡ," ಅಂದ ತಮ್ಮ.

ಅಪ್ಪನ ಕೈ ತಾನಾಗಿ ಚಮಚದ ಕಡೆ ಹೋಯಿತು, ಅರ್ಧದಲ್ಲೇ ನಿಂತಿತು, ವಾಪಸ್ ಬಂತು.

"ಏನಾಗಿದೆ ಸ್ವಾಮಿ ಅದಕ್ಕೆ? ಗಟ್ಟಿಯಾಗಿ ಚೆನ್ನಾಗೇ ಇದೆಯಲ್ಲ!" ಅಂದ ಅಡುಗೆಯವನು. "ಮಕ್ಕಳು ಕಾಯ್ತಿದಾರೆ, ಹಾಕಿ ಅದನ್ನೂ."

"ಆಗಲ್ಲ," ಅಂದರು ಅಪ್ಪ. "ರುಚಿ ನೋಡಿದವನು ಬೇಡ ಅಂದ ಮೇಲೆ ಮುಗೀತು." ನನ್ನ ಕಡೆ ತಿರುಗಿ, "ಏನು ನೋಡ್ತಿದೀಯ? ಆ ಕಡೆ ಹಿಡಿ," ಅಂದರು. ಇಬ್ಬರೂ ಸೇರಿ ಆ ಪಾತ್ರೆ ಎತ್ತಿ, ತುಂಬಿದ ಪಾತ್ರೆ, ಹಿತ್ತಲಿನ ಡ್ರಮ್ಮಿಗೆ ಸುರಿದೆವು. ಅಂಚಿಗೆ ಅಂಟಿದ್ದನ್ನು ನಾನು ಬೆರಳಲ್ಲಿ ತೆಗೆದು ನೆಕ್ಕಿದೆ. ನನಗೇನೂ ತಿಳಿಯಲಿಲ್ಲ. ನನ್ನ ನಾಲಿಗೆಗೆ ತಿಳಿಯುವುದು ಮೆಣಸಿನಕಾಯಿ.

ಒಳಗೆ ಬಂದಾಗ ತಮ್ಮ ಚಮಚ ತೊಳೆದು ಮೊಳೆಗೆ ನೇತುಹಾಕಿದ್ದ. ಜೇಬಿನಿಂದ ಮಾತ್ರೆ ತೆಗೆದು ಬಾಯಿಗಿಟ್ಟುಕೊಂಡ. ತಕ್ಷಣ ನುಂಗಲಿಲ್ಲ. ಮೊಸರು ಇಟ್ಟುಕೊಳ್ಳುವ ಹಾಗೇ ನಾಲಿಗೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ನಿಂತ. ಮುಖ ಹಿಂಡಿಕೊಂಡಿತು.

"ಕಹಿ," ಅಂದ.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಹೌದು ಕಣಪ್ಪ," ಅಂದಳು. "ಕಹಿ ಇದೆ."

ಅವನು ನೀರು ಕುಡಿದು ನುಂಗಿದ. ಕಪಾಟಿಗೆ ಹೋಗಿ ನೀಲಿ ಬಟ್ಟಲು ತೆಗೆದು, ಧೂಳು ತೊಳೆದು, ಇನ್ನೂ ಗಾಡಿಗೆ ಏರದ ಎರಡನೇ ಪಾತ್ರೆಯ ಪಕ್ಕದಲ್ಲಿ ನಿಂತು ಅಮ್ಮನ ಕಡೆ ಚಾಚಿದ. ಅಮ್ಮ ಸೆರಗಿಗೆ ಎರಡೂ ಕೈ ಒರೆಸಿಕೊಂಡು, ಬೆರಳು ಬಿಡಿಸಿ ಅಂಗೈ ಅವನಿಗೆ ತೋರಿಸಿ, ಆಮೇಲೆ ಸೌಟು ಎತ್ತಿಕೊಂಡಳು.